ಕೆರೆಬಯಲೂ ವೀರಭದ್ರಪ್ಪನವರ ಟುವಾಲೂ

ಅಸೂಯೆಯು ವಿದ್ವಾಂಸರ ವೃತ್ತಿಸಹಜ ವ್ಯಾಧಿಯೆಂದೂ, ನಿವೃತ್ತಿಯ ದಿನ ಕೊರಳಿಗೆ ಬಿದ್ದ ಹಾರದೊಡನೆ ಅದೂ ಬಾಡಿ ಉದುರಿಹೋಗುವುದೆಂದೂ ನಾನು ಬಹುಕಾಲ ನಂಬಿದ್ದೆ. ಈ ನಂಬಿಕೆಗೆ ಆಧಾರವೇನೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೇ ಅದನ್ನು ಕೈಬಿಡುತ್ತಿದ್ದೆ. ಸೇವೆಯಲ್ಲಿದ್ದಾಗ ನನ್ನ ಅಸೂಯೆಗೆ ಒಂದು ಮರ್ಯಾದೆಯಿತ್ತು. ಸಹೋದ್ಯೋಗಿಯೊಬ್ಬರು ಯಾವುದೋ ಹಳ್ಳಿಯಲ್ಲಿ ಎಮ್ಮೆಗೆ ನೀರು ಕುಡಿಸುವ ಬಾನಿಯ ತಳದಲ್ಲಿ ಹಳೆಯ ಶಾಸನವೊಂದನ್ನು ಕಂಡುಹಿಡಿದು ಬಂದರೆ, ನಾನು ಅವರಿಗೆ ಕಾಫಿ ಕೊಡಿಸಿ, ಕೈಕುಲುಕಿ ಅಭಿನಂದಿಸಿ, ನನ್ನ ಮುಂದಿನ ಲೇಖನದ ಅಡಿಟಿಪ್ಪಣಿಯಲ್ಲಿ ‘ಈ ಅಭಿಪ್ರಾಯವು ಪುನರ್ವಿಮರ್ಶೆಗೆ ಅರ್ಹವಾಗಿದೆ’ ಎಂದು ಬರೆಯುತ್ತಿದ್ದೆ. ಸಂಶೋಧಕರ ಭಾಷೆ ತಿಳಿಯದವರಿಗೆ ಹೇಳುತ್ತೇನೆ: ಆ ವಾಕ್ಯದ ಸರಳಾರ್ಥ ‘ಇವನ ಮನೆ ಹಾಳಾಗಲಿ’ ಎಂದು. ಅಡಿಟಿಪ್ಪಣಿಯೊಂದು ಇರುವ ತನಕ ಸಂಶೋಧಕನ ಹೊಟ್ಟೆಯಲ್ಲಿ ಹುಣ್ಣಾಗುವುದಿಲ್ಲ. ಆದರೆ ಎದುರು ಮನೆಯವರ ಮೇಲಿನ ಅಸೂಯೆಗೆ ಅಡಿಟಿಪ್ಪಣಿಯನ್ನು ಎಲ್ಲಿಂದ ತರುವುದು? ಅದನ್ನು ದಿನವೂ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನೋಡಬೇಕು, ‘ನಮಸ್ಕಾರ’ ಎನ್ನಬೇಕು, ಹಬ್ಬಕ್ಕೆ ಅದರ ಮನೆಯಿಂದ ಬಂದ ಹೋಳಿಗೆಯನ್ನು ತಿಂದು ಚೆನ್ನಾಗಿದೆಯೆಂದು ಒಪ್ಪಿಕೊಳ್ಳಬೇಕು.

ನನ್ನ ಎದುರು ಮನೆಯವರು ವೀರಭದ್ರಪ್ಪನವರು. ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಅಡತಿ ಅಂಗಡಿ ಇಟ್ಟವರು. ರೈತರು ತಂದ ಹತ್ತಿಯನ್ನು ಮಿಲ್ಲಿನವರಿಗೆ ಕುದುರಿಸಿ ಕೊಡುವುದು ಅವರ ಕಸುಬು. ಬಿಳಿಯ ಧೋತರ, ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಕೆಂಪಂಚಿನ ಒಂದು ಟುವಾಲು. ಆ ಟುವಾಲನ್ನು ಓದುಗರು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಾನು ಮರೆಯಲು ಪ್ರಯತ್ನಿಸಿ ಸೋತಿದ್ದೇನೆ. ಅವರು ರೈತರೊಡನೆ ಕನ್ನಡ, ಮುನಿಸಿಪಾಲಿಟಿಯವರೊಡನೆ ತೆಲುಗು, ಕೆರೆಯ ದಂಡೆಯಲ್ಲಿ ಚಹಾದಂಗಡಿ ಇಟ್ಟಿದ್ದ ಖಾಜಾ ಸಾಹೇಬರೊಡನೆ ಉರ್ದು ಆಡುತ್ತಿದ್ದರು. ಕೆಲವೊಮ್ಮೆ ಒಂದೇ ವಾಕ್ಯದಲ್ಲಿ ಮೂರನ್ನೂ ಹೊಲಿದುಬಿಡುತ್ತಿದ್ದರು. ನಾನು ಮೂರು ಭಾಷೆಗಳ ವ್ಯಾಕರಣವನ್ನೂ ಬಲ್ಲೆ. ಆದರೆ ನಾನು ಬಾಯಿ ತೆರೆದರೆ ಮೂರು ಭಾಷೆಯವರೂ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು.

ನಮ್ಮ ಓಣಿಯ ಒಂದು ತುದಿಯಲ್ಲಿ ಹತ್ತಿ ಮಾರುಕಟ್ಟೆಗೆ ಹೋಗುವ ರಸ್ತೆ, ಇನ್ನೊಂದು ತುದಿಯಲ್ಲಿ ಹಳೆಯ ಕೆರೆ. ಕೆರೆಗೆ ಮೂರು ಕಡೆ ಬಂಡೆಗುಡ್ಡ, ನಾಲ್ಕನೆಯ ಕಡೆ ಕಲ್ಲಿನ ಮೆಟ್ಟಿಲು, ಮೆಟ್ಟಿಲಿನಿಂದ ರಸ್ತೆಯವರೆಗೆ ಒಂದು ಬಯಲು. ಬೇಸಿಗೆಯಲ್ಲಿ ಆದೋನಿಯ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಉಗುಳುತ್ತವೆ. ಆಗ ಓಣಿಯಲ್ಲಿ ಮನುಷ್ಯನೆನಿಸಿಕೊಂಡವನು ಉಸಿರಾಡಬಹುದಾದ ಜಾಗವೆಂದರೆ ಆ ಬಯಲೊಂದೇ. ಹೆಂಗಸರು ಸಂಡಿಗೆ ಹಾಕುವುದು, ಮುದುಕರು ಕಾಲು ಚಾಚುವುದು, ಮದುವೆಗೆ ಚಪ್ಪರ ಬೀಳುವುದು, ಸತ್ತವರ ಮನೆಯವರು ಬಂದು ಮೌನವಾಗಿ ಕೂರುವುದು, ಎಲ್ಲವೂ ಅಲ್ಲಿಯೇ. ಇದೆಲ್ಲ ನಡೆದದ್ದು ಎಪ್ಪತ್ತರ ದಶಕದ ಕೊನೆಯ ಭಾಗದಲ್ಲಿ. ನಿಖರವಾದ ವರ್ಷವನ್ನು ಬೇಕೆಂದೇ ಬರೆಯುತ್ತಿಲ್ಲ. ನನ್ನ ಪತ್ನಿ ಪದ್ಮಾವತಿ ಒಂದು ವರ್ಷ ಹೇಳುತ್ತಾಳೆ, ವೀರಭದ್ರಪ್ಪನವರು ಇನ್ನೊಂದು ಹೇಳುತ್ತಾರೆ, ಖಾಜಾ ಸಾಹೇಬರು ‘ಆ ಸಾಲಿನಾಗ ಸಕ್ಕರಿ ಭಾಳ ತುಟ್ಟಿ ಆಗಿತ್ತು’ ಎನ್ನುತ್ತಾರೆ. ಎರಡು ಸ್ವತಂತ್ರ ಆಧಾರಗಳು ಒಂದೇ ಮಾತನ್ನು ಹೇಳದ ಹೊರತು ಯಾವ ವರ್ಷವನ್ನೂ ಕಾಗದದ ಮೇಲೆ ಇಡುವುದಿಲ್ಲವೆಂಬುದು ನನ್ನ ವ್ರತ. ಏಕಾದಶಿಯನ್ನಾದರೂ ಜ್ವರದಲ್ಲಿ ಮುರಿದಿದ್ದೇನೆ, ಇದನ್ನು ಮುರಿದಿಲ್ಲ.

ನಾನು ನಿವೃತ್ತನಾಗಿ ಊರಿಗೆ ಮರಳಿದಾಗ ಕೆರೆಯ ಸ್ಥಿತಿ ಚೆನ್ನಾಗಿರಲಿಲ್ಲ. ಮೆಟ್ಟಿಲುಗಳ ಮೇಲೆ ಪಾಚಿ, ನೀರಿನ ಮೇಲೆ ಅಂತರಗಂಗೆ, ಬಯಲಿನ ತುಂಬ ಮಾರುಕಟ್ಟೆಯಿಂದ ಹಾರಿಬಂದ ಹತ್ತಿಯ ಚೂರು. ಇದಕ್ಕೆ ಏನಾದರೂ ಮಾಡಬೇಕೆಂದು ಮೊದಲು ಹೇಳಿದವನು ನಾನು. ಈ ವಿಷಯದಲ್ಲಿ ಯಾರೂ ಭಿನ್ನಾಭಿಪ್ರಾಯ ಇಟ್ಟುಕೊಳ್ಳಬಾರದು. ಖಾಜಾ ಸಾಹೇಬರ ಅಂಗಡಿಯ ಬೆಂಚಿನ ಮೇಲೆ ಕುಳಿತು, ‘ಈ ಕೆರೆಯ ಪ್ರಾಚೀನತೆಯನ್ನು ಕುರಿತು ಜನರಲ್ಲಿ ಅರಿವು ಮೂಡಬೇಕು. ಒಂದು ಕಿರುಹೊತ್ತಿಗೆ ಬರಬೇಕು’ ಎಂದೆ. ಪಕ್ಕದಲ್ಲಿ ಕುಳಿತಿದ್ದ ವೀರಭದ್ರಪ್ಪನವರು ತಟ್ಟೆಗೆ ಸುರಿದುಕೊಂಡ ಚಹಾ ಹೀರುತ್ತಾ, ‘ಖರೇ ಐತ್ರಿ ಆಚಾರ್ರ, ಭಾಳ ಚಲೋ ಮಾತು’ ಎಂದರು. ನಾನು ಮನೆಗೆ ಹೋಗಿ ಕಿರುಹೊತ್ತಿಗೆಯ ಮೊದಲ ವಾಕ್ಯವನ್ನು ಯೋಚಿಸತೊಡಗಿದೆ. ಅವರು ಮನೆಗೆ ಹೋಗಿ ಕಸಬರಿಗೆ ತಂದರು.

ಮರುದಿನ ಭಾನುವಾರ. ನಾನು ಸಂಧ್ಯಾವಂದನೆ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅರ್ಧ ಓಣಿ ಕೆರೆಯ ಮೆಟ್ಟಿಲ ಮೇಲಿತ್ತು. ಅಡತಿ ಅಂಗಡಿಯ ಹಮಾಲರು ಸೊಂಟದವರೆಗೆ ನೀರಿಗಿಳಿದು ಅಂತರಗಂಗೆ ಎಳೆಯುತ್ತಿದ್ದರು. ಹೆಂಗಸರು ಸಾಲಾಗಿ ನಿಂತು ಬುಟ್ಟಿ ದಾಟಿಸುತ್ತಿದ್ದರು. ಆ ಸಾಲಿನ ನಡುವೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಾನು ಮದುವೆಯಾದಾಗಿನಿಂದ ಕಂಡಿರದ ಉತ್ಸಾಹದಲ್ಲಿ ನಿಂತಿದ್ದವಳು ಪದ್ಮಾವತಿ. ನನ್ನನ್ನು ಕಂಡು ವೀರಭದ್ರಪ್ಪನವರು ದೂರದಿಂದಲೇ ಕೂಗಿದರು: ‘ಬರ್ರಿ ಆಚಾರ್ರ! ನಿಮ್ಮ ಮಾತು ಕೇಳೇ ಸುರು ಮಾಡೀವಿ! ಏ, ಆಚಾರ್ರಿಗೆ ನೆಳ್ಳಾಗ ಕುರ್ಚಿ ಹಾಕ್ರೋ!’ ಹೀಗೆ ನನ್ನ ಆಂದೋಲನದಲ್ಲಿ ನನಗೆ ನೆರಳಿನಲ್ಲಿ ಒಂದು ಕುರ್ಚಿ ಸಿಕ್ಕಿತು.

ಅಂದಿನಿಂದ ಭಾನುವಾರಗಳೆಲ್ಲ ಅವರವಾದವು. ಮೆಟ್ಟಿಲು ತೊಳೆದರು. ಬಟ್ಟೆ ಒಗೆಯುವುದಕ್ಕೆ ಒಂದು ಮೂಲೆಯಲ್ಲಿ ಬೇರೆಯೇ ಬಂಡೆ ಹಾಕಿಸಿದರು. ಮುನಿಸಿಪಾಲಿಟಿಯಲ್ಲಿ ಯಾರದೋ ಹೆಗಲ ಮೇಲೆ ಕೈಹಾಕಿ ಒಂದು ದೀಪದ ಕಂಬ ತಂದರು. ಬಯಲಿನಲ್ಲಿ ಬೇವಿನ ಸಸಿ ನೆಟ್ಟು, ಒಂದೊಂದು ಮನೆಗೆ ಒಂದೊಂದು ಸಸಿಯನ್ನು ದತ್ತು ಕೊಟ್ಟರು. ಇನ್ನು ನನ್ನ ಕಿರುಹೊತ್ತಿಗೆ? ಕೆರೆಯನ್ನು ಕಟ್ಟಿಸಿದ ಕಾಲ ಖಚಿತವಾಗದೆ ಮೊದಲ ವಾಕ್ಯ ಮುಗಿಯುವಂತಿರಲಿಲ್ಲ. ‘ಆಚಾರ್ರ, ಇತಿಹಾಸ ಎಲ್ಲೀತನ ಬಂತ್ರಿ?’ ಎಂದು ಅವರು ಕೇಳುವರು. ಕಾಲನಿರ್ಣಯದಲ್ಲಿ ತೊಡಕಿದೆ ಎನ್ನುವೆ. ‘ಕೆರಿ ಯಾವಾಗ ಕಟ್ಟಿದ್ರು ಅನ್ನೋದು ಇರ್ಲಿ ಬಿಡ್ರಿ. ಕಟ್ಟಿದ ಮ್ಯಾಲ ಯಾವಾಗರ ಒಮ್ಮೆ ತೊಳದಿದ್ರಾ, ಅದನ್ನಷ್ಟು ನೋಡಿ ಹೇಳ್ರಿ’ ಎನ್ನುವರು. ಖಾಜಾ ಸಾಹೇಬರು ನಗುವರು. ನಾನೂ ನಗುವೆನು. ಆ ನಗುವಿಗೆ ಎಷ್ಟು ಸ್ನಾಯುಗಳು ಬೇಕಾಗುತ್ತವೆಂಬುದು ನನಗೆ ಮಾತ್ರ ಗೊತ್ತು.

ಮನೆಯಲ್ಲಿಯೂ ನೆಮ್ಮದಿಯಿರಲಿಲ್ಲ. ಸಾರಿನಲ್ಲಿ ಉಪ್ಪು ಹೆಚ್ಚಾಗಿದೆಯೆಂದು ಹೇಳಿದರೂ ಮಾತು ಕೆರೆಯ ದಂಡೆಗೇ ಹೋಗಿ ನಿಲ್ಲುತ್ತಿತ್ತು. ‘ಅವರು ಅಷ್ಟು ದೊಡ್ಡ ವ್ಯಾಪಾರಸ್ಥರು, ಕಸಬರಿಗಿ ಹಿಡದು ನಿಲ್ತಾರ. ನೀವೊಂದಿನ ಒಂದು ಕಡ್ಡಿ ಎತ್ತೀರೇನು?’ ಎಂದು ಪದ್ಮಾವತಿ ಕೇಳಿದಳು. ನಾನು ಕೆರೆಯ ಮೂಲವನ್ನೇ ಹುಡುಕುತ್ತಿದ್ದೇನೆ ಎಂದೆ. ‘ನಿಮಗ ಕೆರಿ ಹುಟ್ಟಿದ ತಿಥಿ ಬೇಕಾಗೇದ. ಅವರಿಗೆ ಕೆರಿ ಬೇಕಾಗೇದ. ಅಷ್ಟs ವ್ಯತ್ಯಾಸ’ ಎಂದು ಆಕೆ ಇನ್ನೊಂದು ಸೌಟು ಸಾರು ಬಡಿಸಿದಳು. ಇಷ್ಟು ಸಂಕ್ಷಿಪ್ತವಾದ ಮತ್ತು ಅಷ್ಟೇ ಅನ್ಯಾಯವಾದ ವಿಮರ್ಶೆಯನ್ನು ನಾನು ಯಾವ ವಿದ್ವತ್ಪತ್ರಿಕೆಯಲ್ಲಿಯೂ ಎದುರಿಸಿರಲಿಲ್ಲ.

ಹೀಗಿರುವಾಗ ಬಯಲಿಗೆ ಕುತ್ತು ಬಂತು. ಗೋನೆಗಂಡ್ಲದ ಕಡೆಯ ಹನುಮಂತರೆಡ್ಡಿ ಎಂಬವರು ನಮ್ಮೂರಿನಲ್ಲಿ ಹತ್ತಿ ವ್ಯಾಪಾರ ಹಿಡಿದಿದ್ದರು. ಹತ್ತಿಯ ಅಂಡಿಗೆಗಳನ್ನು ಒಟ್ಟಲು ಮಾರುಕಟ್ಟೆಗೆ ಸಮೀಪದಲ್ಲಿ ಅವರಿಗೊಂದು ಜಾಗ ಬೇಕಾಗಿತ್ತು; ನಾವು ಗುಡಿಸಿ ಸಾರಿಸಿದ ಬಯಲು ಅವರ ಕಣ್ಣಿಗೆ ಬಿತ್ತು. ಅದು ಸರಕಾರದ ಪೋರಂಬೋಕು ನೆಲ, ಯಾರ ಹೆಸರಿನಲ್ಲಿಯೂ ಇಲ್ಲ. ಅವರು ಮುನಿಸಿಪಾಲಿಟಿಯಿಂದ ಗುತ್ತಿಗೆ ಹಿಡಿದು, ಒಂದು ಬೆಳಿಗ್ಗೆ ಆಳುಗಳೊಡನೆ ಬಂದು, ಕೆರೆಯ ಮೆಟ್ಟಿಲಿನ ಮಗ್ಗುಲಲ್ಲೇ ಸುಣ್ಣದ ಗೆರೆ ಎಳೆಸಿದರು. ಅಲ್ಲಿಗೆ ಗೋಡೆ ಬರುವುದಿತ್ತು. ಅಂದರೆ ನೀರಿಗೆ ಇಳಿಯಲು ಮೆಟ್ಟಿಲಿನಷ್ಟು ದಾರಿ. ಮಿಕ್ಕಿದ್ದೆಲ್ಲ ಗೋಡೆಯ ಆಚೆ. ಪದ್ಮಾವತಿಯ ಬೇವಿನ ಸಸಿಯೂ ಗೋಡೆಯ ಆಚೆಯೇ. ಆಕೆ ಆ ದಿನ ಅಡಿಗೆಗೆ ಉಪ್ಪನ್ನೇ ಹಾಕಲಿಲ್ಲ, ನಾನು ಅದನ್ನು ಹೇಳಲಿಲ್ಲ.

ಓಣಿಯವರೆಲ್ಲ ಸೇರಿ ಮುನಿಸಿಪಾಲಿಟಿಗೆ ಹೋದೆವು. ಅಲ್ಲಿಯ ಅಧಿಕಾರಿ ಎರಡೂ ಕಡೆಯವರನ್ನು ನೋಡಿ, ಕನ್ನಡಕ ತೆಗೆದು ಒರೆಸಿ, ತೆಲುಗಿನಲ್ಲಿ ಹೇಳಿದ್ದರ ಸಾರಾಂಶವಿಷ್ಟು: ಗುತ್ತಿಗೆ ಕೊಟ್ಟದ್ದು ನಿಜ, ಎಷ್ಟು ಜಾಗವೆಂದು ಇನ್ನೂ ಅಳೆದಿಲ್ಲ, ಗೋಡೆ ಎಲ್ಲಿಗೆ ಬರಬೇಕೆಂಬುದನ್ನು ನೀವು ನೀವೇ ಮಾತಾಡಿಕೊಂಡು ಬನ್ನಿ, ಅದನ್ನೇ ಬರೆದುಕೊಳ್ಳುತ್ತೇನೆ. ಆದರೆ ಮಾತಾಡುವುದು ಹೇಗೆ? ರೆಡ್ಡಿಯವರು ಜನರ ಎದುರಿಗೆ ಒಂದು ಗೇಣು ಬಿಟ್ಟರೂ ಮಾನ ಹೋಯಿತೆಂದು ತಿಳಿಯುವವರು. ಬಯಲಿನಲ್ಲಿ ನಡೆದ ಎರಡು ಸಭೆಗಳಲ್ಲಿ ಅವರು ಮೀಸೆ ತೀಡಿಕೊಂಡು, ‘ಗೆರೆ ಗೆರೆನೇ’ ಎಂದು ಎದ್ದುಹೋದರು.

ಆಗ ವೀರಭದ್ರಪ್ಪನವರು ಒಂದು ಉಪಾಯ ಹೇಳಿದರು. ಹತ್ತಿ ಮಾರುಕಟ್ಟೆಯ ವ್ಯಾಪಾರವನ್ನು ನೋಡದವರಿಗಾಗಿ ಅದನ್ನು ವಿವರಿಸುತ್ತೇನೆ. ಅಲ್ಲಿ ಕೊಳ್ಳುವವನೂ ಮಾರುವವನೂ ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಇಬ್ಬರೂ ಕೈ ಹಿಡಿದುಕೊಳ್ಳುತ್ತಾರೆ, ಮೇಲೆ ಒಂದು ಟುವಾಲು ಹೊದಿಸುತ್ತಾರೆ, ಒಳಗೆ ಬೆರಳುಗಳಲ್ಲಿಯೇ ವ್ಯವಹಾರ ನಡೆಯುತ್ತದೆ. ಸುತ್ತ ನಿಂತವರಿಗೆ ಕಾಣುವುದು ಟುವಾಲಿನ ಅಲುಗಾಟ ಮಾತ್ರ. ಯಾರು ಎಷ್ಟಕ್ಕೆ ಇಳಿದರು, ಯಾರು ಎಷ್ಟಕ್ಕೆ ಏರಿದರು ಎಂಬುದು ಆ ಎರಡು ಕೈಗಳಿಗೇ ಗೊತ್ತು, ಮತ್ತು ಒಳಗೆ ನಡೆದುದನ್ನು ಹೊರಗೆ ಆಡಬಾರದೆಂಬುದು ಅಲ್ಲಿಯ ಕಟ್ಟಳೆ. ಹೀಗಾಗಿ ಎಂಥ ಅಭಿಮಾನಿಯೂ ಟುವಾಲಿನ ಕೆಳಗೆ ಬಗ್ಗಬಲ್ಲ. ‘ರೆಡ್ಡಿ ಹತ್ತಿ ಮನುಷ್ಯಾ. ಬಾಯಿಲೆ ಬಗ್ಗಂಗಿಲ್ಲ, ಬೆರಳಿಲೆ ಬಗ್ತಾನ. ಒಂದು ಬೆರಳಿಗೆ ಹತ್ತು ಗಜ ಅನ್ನೋಣು. ನೀರಿನ ಕಡೆಯಿಂದ ಗ್ವಾಡಿ ಎಷ್ಟು ದೂರ ಸರೀಬೇಕು ಅಂತ ಟುವಾಲ್ನಾಗ ಕುದುರಸೋಣು’ ಎಂದರು. ಓಣಿಗೆ ಓಣಿಯೇ ಭೇಷ್ ಎಂದಿತು. ರೆಡ್ಡಿಯವರಿಗೂ ಹೇಳಿಕಳಿಸಿದ್ದಾಯಿತು, ಅವರೂ ಒಪ್ಪಿದರು. ಬೇವಿನ ಸಸಿಗಳು ಉಳಿಯಬೇಕಾದರೆ ಮೂರು ಬೆರಳು ಸಿಗಬೇಕಾಗಿತ್ತು. ಐದು ಬೆರಳೆಂದರೆ ರಸ್ತೆಯವರೆಗಿನ ಇಡೀ ಬಯಲು. ಅಷ್ಟನ್ನು ಯಾರೂ ಕನಸಿನಲ್ಲಿಯೂ ಕೇಳಿರಲಿಲ್ಲ.

ಇಲ್ಲಿ ನಾನು ಸುಮ್ಮನಿರಬಹುದಾಗಿತ್ತು. ಆದರೆ ಕೆರೆಯ ಜೊತೆಗೆ ಬಯಲೂ, ಬಯಲಿನ ಜೊತೆಗೆ ಬೇವಿನ ಸಸಿಯೂ, ಸಸಿಯ ಜೊತೆಗೆ ಪದ್ಮಾವತಿಯ ಕೃತಜ್ಞತೆಯೂ ಒಟ್ಟಿಗೆ ಆ ಕೆಂಪಂಚಿನ ಟುವಾಲಿನೊಳಗೆ ಹೋಗುವುದು ನನಗೆ ಕಾಣುತ್ತಿತ್ತು. ನಾನು ಎದ್ದುನಿಂತು ಗಂಭೀರವಾಗಿ ಹೇಳಿದೆ: ‘ವೀರಭದ್ರಪ್ಪನವರು ರೆಡ್ಡಿಯವರೊಡನೆ ವ್ಯಾಪಾರ ಇಟ್ಟುಕೊಂಡವರು. ನಾಳೆ ಅವರ ಹತ್ತಿಯನ್ನೂ ಇವರೇ ಕುದುರಿಸಬೇಕು. ಇಂಥ ಸಂಬಂಧವಿರುವವರು ಓಣಿಯ ಪರವಾಗಿ ಕೈಹಾಕುವುದು ಔಚಿತ್ಯವಲ್ಲ. ಇದು ವ್ಯಕ್ತಿಯ ಮೇಲಿನ ಆಕ್ಷೇಪವಲ್ಲ, ತತ್ತ್ವದ ಪ್ರಶ್ನೆ.’ ಎಲ್ಲರೂ ವೀರಭದ್ರಪ್ಪನವರತ್ತ ತಿರುಗಿದರು. ಆ ಕ್ಷಣವನ್ನು ನಾನು ಸವಿದೆ. ವೀರಭದ್ರಪ್ಪನವರ ಮುಖದಲ್ಲಿ ಬೇಸರ ಕಾಣುವುದೆಂದು ನಿರೀಕ್ಷಿಸಿದ್ದೆ. ಅವರ ಮುಖ ಅರಳಿತು.

‘ಎಂಥಾ ಮಾತಂದ್ರಿ ಆಚಾರ್ರ! ನನ್ನ ತಲಿಗೇ ಹೊಳೀಲಿಲ್ಲ ನೋಡ್ರಿ. ಹಂಗಾದ್ರ ಯಾವ ಸಂಬಂಧನೂ ಇಲ್ಲದಾಂವ ಯಾರದಾರ ಓಣ್ಯಾಗ? ಹತ್ತಿ ಗೊತ್ತಿಲ್ಲ, ವ್ಯಾಪಾರ ಗೊತ್ತಿಲ್ಲ, ಊರಾಗ ಯಾರ ಗುರ್ತೂ ಸರಿಯಾಗಿಲ್ಲ...’ ಎಂದು ಅವರು ಸುತ್ತ ನೋಡಿದರು. ಸುತ್ತಲಿದ್ದವರೆಲ್ಲ ನನ್ನನ್ನು ನೋಡಿದರು.

‘ಆಚಾರ್ ಸಾಬ್‌ನೇ ಬರಾಬರ್ ಆದ್ಮಿ!’ ಎಂದು ಖಾಜಾ ಸಾಹೇಬರು ಚಹಾದ ಕೆಟಲ್ಲನ್ನೇ ಎತ್ತಿ ಅನುಮೋದಿಸಿದರು. ಹೆಂಗಸರ ಕಡೆಯಿಂದ ಪದ್ಮಾವತಿಯ ಧ್ವನಿ ಸಣ್ಣಗೆ ಕೇಳಿಸಿತು: ‘ಅಯ್ಯೋ, ನನ್ನ ಗಿಡ ಹೋತು.’

ಆ ಸಂಜೆಯೇ ವೀರಭದ್ರಪ್ಪನವರ ಪಡಸಾಲೆಯಲ್ಲಿ ನನ್ನ ವಿದ್ಯಾಭ್ಯಾಸ ನಡೆಯಿತು. ಯಾರನ್ನು ಕಂಡರೆ ಹೊಟ್ಟೆ ಉರಿಯುವುದೋ ಅವರ ಎದುರಿಗೇ ಕಾಲು ಮಡಚಿ ಕುಳಿತು, ಅವರ ಕೈಯನ್ನೇ ಹಿಡಿದು ಪಾಠ ಹೇಳಿಸಿಕೊಳ್ಳುವುದು ಎಂಥ ಶಿಕ್ಷೆಯೆಂದು ಬಲ್ಲವರೇ ಬಲ್ಲರು. ಜೊತೆಗೆ ಅವರು ಒಳ್ಳೆಯ ಮೇಷ್ಟ್ರು, ಅದೂ ಒಂದು ನೋವು. ‘ಆಂವ ಬೆರಳು ತಂದು ನಿಮ್ಮ ಮುಷ್ಟ್ಯಾಗ ಇಡ್ತಾನ. ಎಷ್ಟು ಬೆರಳು ಇಟ್ಟಾನ ಅನ್ನೋದು ನಿಮ್ಮ ಕೈಗೆ ತಿಳೀಬೇಕು. ಒಪ್ಪಿಗಿ ಅಂದ್ರ ಅಂಗೈ ಒಮ್ಮೆ ಒತ್ತರಿ. ಒತ್ತಿದ್ರ ಮುಗೀತ್ರಿ, ದೇವ್ರು ಬಂದ್ರೂ ಹಿಂದಕ್ಕ ತಗೊಳಾಕ ಬರಂಗಿಲ್ಲ. ಒಪ್ಪಿಗಿ ಇಲ್ಲಂದ್ರ ಕೈ ಒಮ್ಮೆ ಝಾಡಸರಿ. ಇಷ್ಟs ಐತಿ’ ಎಂದರು. ನಾನು ಟಿಪ್ಪಣಿ ಮಾಡಿಕೊಳ್ಳಬಹುದೇ ಎಂದೆ. ‘ಟುವಾಲ್ನಾಗ ಟಿಪ್ಪಣಿ ಹೆಂಗ ಓದ್ತೀರಿ?’ ಎಂದರು. ಒಳಗಿನಿಂದ ಅವರ ಮನೆಯವರು ನಕ್ಕದ್ದು ಕೇಳಿಸಿತು. ಆ ನಗೆಯ ಜೊತೆಗೆ ಮಂಡಕ್ಕಿ ಒಗ್ಗರಣೆಯೂ ಬಂತು, ಅದೂ ರುಚಿಯಾಗಿತ್ತು. ಈ ಮನೆಯಲ್ಲಿ ಕೆಟ್ಟದ್ದು ಯಾವುದೂ ಇಲ್ಲವೇ ಎಂದು ನಾನು ನಿಟ್ಟುಸಿರಿಟ್ಟೆ.

ಗೊತ್ತಾದ ದಿನ ಸಂಜೆ, ಸುಣ್ಣದ ಗೆರೆಯ ಮೇಲೆಯೇ ಒಂದು ಜಮಖಾನೆ ಹಾಸಿದರು. ಒಂದು ಕಡೆ ನಾನು, ಇನ್ನೊಂದು ಕಡೆ ಹನುಮಂತರೆಡ್ಡಿ. ಸುತ್ತ ಓಣಿ. ವೀರಭದ್ರಪ್ಪನವರು ಹೆಗಲಿನಿಂದ ಟುವಾಲು ತೆಗೆದು, ಕೊಡವಿ, ನಮ್ಮ ಕೈಗಳ ಮೇಲೆ ಹೊದಿಸಿ, ತತ್ತ್ವಕ್ಕೆ ಬದ್ಧರಾಗಿ ಹತ್ತು ಹೆಜ್ಜೆ ಹಿಂದೆ ಸರಿದು ನಿಂತರು. ರೆಡ್ಡಿಯವರ ಕೈ ದೊಡ್ಡದು, ಒರಟು, ಬೆಚ್ಚಗೆ. ‘ಏಂ ಸಾಮೀ, ಸುರು ಮಾಡ್ದಾಮಾ?’ ಎಂದು ಅವರು ತೆಲುಗನ್ನೂ ಕನ್ನಡವನ್ನೂ ಬೆರೆಸಿ ಕೇಳಿದರು. ನಾನು ತಲೆಯಾಡಿಸಿದೆ. ನನ್ನ ಮುಷ್ಟಿಯೊಳಕ್ಕೆ ಒಂದು ಬೆರಳು ಬಂತು.

ಅದು ಒಂದೇ ಬೆರಳೆಂದು ನನಗೆ ತಿಳಿಯಿತು. ಆದರೆ ತಿಳಿಯಿತೆಂದ ಮಾತ್ರಕ್ಕೆ ಒಪ್ಪುವುದು ನನ್ನ ಅಭ್ಯಾಸವಲ್ಲ. ಜೀವಮಾನವೆಲ್ಲ ಸವೆದ ಕಲ್ಲಿನ ಅಕ್ಷರಗಳನ್ನು ಬೆರಳಿನಿಂದ ಸವರಿ ಓದಿದವನು ನಾನು. ಒಮ್ಮೆ ಓದಿದ್ದನ್ನು ಇನ್ನೊಮ್ಮೆ ಸವರದೆ ಮುಂದಿನ ಸಾಲಿಗೆ ಹೋದವನಲ್ಲ. ಆದ್ದರಿಂದ ಆ ಬೆರಳನ್ನು ಬುಡದಿಂದ ತುದಿಯವರೆಗೆ ಮತ್ತೊಮ್ಮೆ ನಿಧಾನವಾಗಿ ತಡವಿದೆ. ಅದರ ಪಕ್ಕದಲ್ಲಿ ಇನ್ನೊಂದಿದೆಯೇ ಎಂದು ನೋಡಿದೆ. ರೆಡ್ಡಿಯವರ ಹುಬ್ಬು ಮೇಲೇರಿತು. ನಾನು ಕೈ ಝಾಡಿಸಬೇಕೆಂದು ನಿರ್ಧರಿಸುವುದರೊಳಗೆ ಎರಡನೆಯ ಬೆರಳು ಬಂತು. ಈಗ ಪರಿಶೀಲಿಸಬೇಕಾದದ್ದು ಎರಡು. ತೋರುಬೆರಳು, ನಡುಬೆರಳು. ಅಥವಾ ನಡುಬೆರಳು, ಉಂಗುರಬೆರಳೋ? ಉಂಗುರವಿರಲಿಲ್ಲ, ಇದ್ದಿದ್ದರೆ ಒಂದು ಆಧಾರ ದೊರೆಯುತ್ತಿತ್ತು. ಮೊದಲಿನಿಂದ ಮತ್ತೆ ತಡವಿದೆ.

‘ಇಂಕಾನಾ ಸಾಮೀ?’ ಎಂದರು ರೆಡ್ಡಿಯವರು. ಇನ್ನೂನಾ ಎಂದು ಅದರ ಅರ್ಥ. ಯಾವುದು ಇನ್ನೂ ಎಂದು ನನಗೆ ತಿಳಿಯಲಿಲ್ಲ. ಪರಿಶೀಲನೆ ಇನ್ನೂ ಮುಗಿಯಲಿಲ್ಲವೇ ಎಂದು ಕೇಳುತ್ತಿದ್ದಾರೆಂದು ಭಾವಿಸಿ, ‘ಸ್ವಲ್ಪ ತಾಳಿ’ ಎಂದೆ.

ಮೂರನೆಯ ಬೆರಳು ಬಂತು. ಬೇವಿನ ಸಸಿಗಳು! ಈಗ ಅಂಗೈ ಒತ್ತಬೇಕು, ಒತ್ತಿದರೆ ಮುಗಿಯಿತು. ಆದರೆ ದೇವರು ಬಂದರೂ ತಿದ್ದುಪಡಿಯಿಲ್ಲದ ಒಂದು ಕ್ರಿಯೆಯನ್ನು ಎರಡನೆಯ ಸಲ ನೋಡದೆ ಮಾಡುವುದೆಂತು? ಅದು ಅಚ್ಚಿಗೆ ಕಳಿಸಿದ ಹಾಗೆ. ಮೂರನೆಯದು ಹೆಬ್ಬೆರಳಾಗಿದ್ದರೆ? ಹೆಬ್ಬೆರಳನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ ಎಂದು ವೀರಭದ್ರಪ್ಪನವರನ್ನು ಕೇಳಿರಲಿಲ್ಲ. ದೂರದಲ್ಲಿ ನಿಂತಿದ್ದ ಅವರತ್ತ ನೋಡಿದೆ. ಅವರು ತತ್ತ್ವಕ್ಕೆ ಬದ್ಧರಾಗಿ ಆಕಾಶ ನೋಡುತ್ತಿದ್ದರು. ಪದ್ಮಾವತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಕಣ್ಣುಮುಚ್ಚಿ, ಒಂದೊಂದೇ ಬೆರಳನ್ನು, ಒಂದೊಂದೇ ಗೆಣ್ಣನ್ನು, ಪೂರ್ಣ ಶ್ರದ್ಧೆಯಿಂದ ಮತ್ತೆ ತಡವತೊಡಗಿದೆ.

ರೆಡ್ಡಿಯವರ ಹಣೆಯ ಮೇಲೆ ಬೆವರು ಮೂಡಿತು. ‘ಅಬ್ಬಾ! ನಲವತ್ತು ವರ್ಷದಾಗ ಇಂಥಾ ಕೈ ನೋಡಿಲ್ಲ ಸಾಮೀ!’ ಎಂದು ಗೊಣಗಿದರು. ನಾಲ್ಕನೆಯ ಬೆರಳು ಬಂತು. ನಾಲ್ಕಾದ ಮೇಲೆ ಅವರಿಗೆ ಉಳಿಯುವುದು ರಸ್ತೆಯ ಪಕ್ಕದ ಒಂದು ಪಟ್ಟಿ. ಅಲ್ಲಿ ಅಂಡಿಗೆ ಒಟ್ಟುವುದಿರಲಿ, ಬಂಡಿ ತಿರುಗಿಸುವುದಕ್ಕೂ ಆಗದು. ಇದು ನನಗೆ ಹೊಳೆದದ್ದು ಆಮೇಲೆ. ಆಗ ನನಗಿದ್ದ ಚಿಂತೆ ಒಂದೇ: ನಾಲ್ಕೆಂಬುದು ನಾನು ಪಾಠದಲ್ಲಿ ನಿರೀಕ್ಷಿಸದ ಸಂಖ್ಯೆ, ಅನಿರೀಕ್ಷಿತ ಪಾಠಾಂತರ ಬಂದಾಗ ಸಂಶೋಧಕನು ದುಪ್ಪಟ್ಟು ಎಚ್ಚರದಿಂದ ಇರಬೇಕು. ಇದ್ದೆ. ನಾಲ್ಕನ್ನೂ ಮೊದಲಿನಿಂದ ಸವರಲು ಆರಂಭಿಸಿದ ಕೂಡಲೇ ರೆಡ್ಡಿಯವರು ಐದೂ ಬೆರಳುಗಳನ್ನು ಬಿಚ್ಚಿ ನನ್ನ ಅಂಗೈಗೆ ತಾವೇ ಅಪ್ಪಳಿಸಿ, ‘ತಗೋ ಸಾಮೀ, ಅಂತಾ ಮೀದೇ!’ ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು. ಎಲ್ಲವೂ ನಿಮ್ಮದೇ ಎಂದು ಅರ್ಥ. ಬೆಚ್ಚಿಬಿದ್ದು ನಾನು ಅಂಗೈ ಒತ್ತಿದೆ.

ರೆಡ್ಡಿಯವರು ಟುವಾಲು ಸರಿಸಿ ಎದ್ದುನಿಂತರು. ಮೀಸೆ ತೀಡಿಕೊಂಡರು. ಜನರತ್ತ ತಿರುಗಿ, ಏನೂ ಆಗಿಲ್ಲವೆಂಬಂತೆ ದೊಡ್ಡ ಧ್ವನಿಯಲ್ಲಿ ಹೇಳಿದರು: ‘ಈ ಕೆರಿ ಗಾಳಿಗೆ ಹತ್ತಿ ಹಸಿ ಹಿಡೀತೈತಿ. ನನಗ ಸ್ಟೇಷನ್ ಕಡೆ ಬ್ಯಾರೆ ಜಾಗ ಐತಿ. ಈ ಬಯಲು ನನಗ ಬ್ಯಾಡ. ಮೀರೇ ಉಂಚುಕೋಂಡಿ, ನೀವೇ ಇಟ್ಕೊಳ್ರಿ.’ ಆಮೇಲೆ ಓಣಿಗೆ ಓಣಿಯೇ ಕೇಕೆ ಹಾಕಿ ಓಡಿಬಂತು. ಎಲ್ಲರೂ ಓಡಿಬಂದದ್ದು ನನ್ನ ಕಡೆಗೇ ಎಂದುಕೊಂಡು ನಾನು ವಿನಯದಿಂದ ಎರಡೂ ಕೈ ಎತ್ತಿದೆ. ಅವರು ನನ್ನನ್ನು ದಾಟಿಹೋಗಿ ವೀರಭದ್ರಪ್ಪನವರನ್ನು ಎತ್ತಿಕೊಂಡರು.

ಓಣಿಯ ತರ್ಕ ಹೀಗಿತ್ತು. ಕಳೆದ ವಾರ ವೀರಭದ್ರಪ್ಪನವರು ಉರುಕುಂದಕ್ಕೆ ಈರಣ್ಣನ ದರ್ಶನಕ್ಕೆ ಹೋಗಿದ್ದರು. ರೆಡ್ಡಿಯವರೂ ಹೋಗಿದ್ದರು. ಹತ್ತಿಗೆ ಕೆರೆಯ ಗಾಳಿ ಆಗದು ಎಂಬ ಮಾತನ್ನು ಅಲ್ಲಿಯೇ ಅವರ ಕಿವಿಗೆ ಹಾಕಿರಬೇಕು; ಟುವಾಲಿನ ಆಟವೆಲ್ಲ ರೆಡ್ಡಿಯ ಮಾನ ಕಾಪಾಡುವುದಕ್ಕೆ ಮಾಡಿದ ನಾಟಕ; ಅದಕ್ಕೇ ಏನೂ ತಿಳಿಯದ ಆಚಾರ್ರನ್ನು ಕೂರಿಸಿದ್ದು. ‘ಎಂಥಾ ದಿಮಾಗ್ ನೋಡು!’ ಎಂದು ಖಾಜಾ ಸಾಹೇಬರು ಎಲ್ಲರಿಗೂ ಪುಕ್ಕಟೆ ಚಹಾ ಹಂಚಿದರು. ಉರುಕುಂದದಲ್ಲಿ ಮಾತಾಡಿದ್ದು ನಿಜವೇ ಎಂದು ನಾನು ವೀರಭದ್ರಪ್ಪನವರನ್ನೇ ನೇರವಾಗಿ ಕೇಳಿದೆ. ‘ದೇವರ ಮುಂದ ವ್ಯಾಪಾರ ಮಾತಾಡ್ತಾರೇನ್ರಿ? ಅಲ್ಲಿ ಪ್ರಸಾದ ಎಷ್ಟು ಚಲೋ ಇತ್ತು ಅಂತ ಮಾತಾಡಿದ್ವಿ ಅಷ್ಟs’ ಎಂದರು. ಆಮೇಲೆ ಕೂಡಿದ್ದವರಿಗೆಲ್ಲ ಕೇಳುವಂತೆ, ‘ಬಯಲು ಉಳದದ್ದು ಆಚಾರ್ರ ಕೈಗುಣದಿಂದ್ಲೇ ಹೊರತು ನಂದೇನೂ ಇಲ್ಲರಿ’ ಎಂದು ಸಾರಿದರು. ಅದನ್ನು ಕೇಳಿ ಜನ, ‘ನೋಡ್ರಿ, ಎಷ್ಟು ದೊಡ್ಡ ಮನಸು!’ ಎಂದು ಅವರನ್ನು ಇನ್ನಷ್ಟು ಕೊಂಡಾಡಿದರು. ಒಬ್ಬ ಮನುಷ್ಯನು ಸತ್ಯವನ್ನು ಹೇಳಿಯೂ ಕೀರ್ತಿಯನ್ನು ಕಸಿದುಕೊಳ್ಳಬಲ್ಲನೆಂಬುದು ನನಗೆ ಅಂದೇ ತಿಳಿದದ್ದು.

ನನ್ನ ಗೆಲುವಿನ ಗುಟ್ಟು ನನಗೂ ತಿಳಿದದ್ದು ಒಂದೆರಡು ತಿಂಗಳಾದ ಮೇಲೆ. ಯಾವುದೋ ಹಳೆಯ ವ್ಯಾಪಾರಿಯ ವಿಷಯ ಬಂದಾಗ ವೀರಭದ್ರಪ್ಪನವರು, ‘ಆಂವ ಭಾರೀ ಗಟ್ಟಿ ಆಸಾಮಿ. ಕೈ ಝಾಡಸತಿರಲಿಲ್ಲ, ಒತ್ತತಿರಲಿಲ್ಲ. ಕೊಟ್ಟ ಬೆರಳನ್ನ ಮತ್ತ ಮತ್ತ ತಡವಿ ಕುಂದರತಿದ್ದ. ಅದರ ಅರ್ಥ, ಸಾಲಂಗಿಲ್ಲ, ಇನ್ನೂ ಏರಸು ಅಂತ. ಎದುರಿಗಿನಾಂವ ಬೆವತು ಹೋಗತಿದ್ದ. ಅದು ಹಳೇ ಮಂದಿ ಆಟರಿ, ನಿಮಗ್ಯಾಕ ಅಂತ ಹೇಳಿಕೊಟ್ಟಿರಲಿಲ್ಲ’ ಎಂದರು. ನಾನು ಬೆಂಚಿನಿಂದ ಎದ್ದೇಬಿಟ್ಟೆ. ನೇರವಾಗಿ ಸ್ಟೇಷನ್ ಹತ್ತಿರದ ಹೊಸ ಗೋದಾಮಿಗೆ ಹೋಗಿ ಹನುಮಂತರೆಡ್ಡಿಯವರನ್ನು ಹಿಡಿದೆ. ‘ಅಂದು ನೀವು ಒಂದೊಂದೇ ಬೆರಳು ಏರಿಸಿದ್ದು ನನ್ನ ಕೈಗೆ ಹೆದರಿ ಅಲ್ಲವೇ? ಯಾರೂ ಮೊದಲೇ ಹೇಳಿಕೊಟ್ಟಿರಲಿಲ್ಲವಷ್ಟೆ? ಇದೊಂದು ಮಾತನ್ನು ನಾಲ್ಕು ಜನರ ಎದುರಿಗೆ ಹೇಳಿಬಿಡಿ’ ಎಂದು ಬೇಡಿಕೊಂಡೆ. ಅವರು ಮೀಸೆಯೊಳಗೇ ನಕ್ಕು, ‘ಟುವಾಲು ಒಳಗಿನ ಮಾತು ಸಾಮೀ, ಹೊರಗ ಹೆಂಗ ಆಡಾದು?’ ಎಂದು ನನಗೊಂದು ಸೋಡಾ ತರಿಸಿಕೊಟ್ಟರು. ಜಗತ್ತಿನಲ್ಲಿ ನನಗಿದ್ದ ಏಕೈಕ ಸಾಕ್ಷಿಯು ಕಟ್ಟಳೆಗೆ ಕಟ್ಟುಬಿದ್ದ ಸಭ್ಯ ಗೃಹಸ್ಥನಾಗಿದ್ದನು. ಮನೆಗೆ ಬಂದು ಪದ್ಮಾವತಿಗೆ ಎಲ್ಲವನ್ನೂ ವಿವರಿಸಿದೆ. ಆಕೆ ಪೂರ್ತಿ ಕೇಳಿ, ‘ಇರಬಹುದು’ ಎಂದಳು. ನಲವತ್ತು ವರ್ಷಗಳ ದಾಂಪತ್ಯದಲ್ಲಿ ಆಕೆ ನನ್ನಿಂದ ಕಲಿತದ್ದು ಆ ಪದವೊಂದನ್ನೇ.

ಈಗ ಬೇವಿನ ಮರಗಳು ಸಾಕಷ್ಟು ಎತ್ತರ ಬೆಳೆದಿವೆ. ಸುಣ್ಣದ ಗೆರೆಯಿದ್ದ ಜಾಗದಲ್ಲಿ ಕೂರಲು ಒಂದು ಕಲ್ಲಿನ ಕಟ್ಟೆಯಾಗಿದೆ. ಅದಕ್ಕೆ ಯಾರೂ ಹೆಸರಿಟ್ಟಿಲ್ಲ, ಆದರೆ ಊರೆಲ್ಲ ವೀರಭದ್ರಪ್ಪನ ಕಟ್ಟೆ ಎಂದು ಕರೆಯುತ್ತದೆ. ಸಂಜೆ ಅಲ್ಲಿಗೆ ಹೋದರೆ ಅವರು ‘ಕಲ್ಲು ಕಾದೈತಿ, ತಡೀರಿ ಆಚಾರ್ರ’ ಎಂದು ಅದೇ ಟುವಾಲನ್ನು ಹಾಸಿ ನನ್ನನ್ನು ಕೂರಿಸುತ್ತಾರೆ. ನಾನು ಕೂರುತ್ತೇನೆ. ಗಾಳಿ ತಂಪಾಗಿರುತ್ತದೆ, ಹೊಟ್ಟೆ ಮಾತ್ರ ಬಂಡೆಯ ಹಾಗೆ ಹಗಲಿನ ಬಿಸಿಯನ್ನು ಇನ್ನೂ ಇಟ್ಟುಕೊಂಡಿರುತ್ತದೆ.

ಇತ್ತೀಚೆಗೆ ನನ್ನ ಕಿರುಹೊತ್ತಿಗೆ ಒಂದು ಹಂತಕ್ಕೆ ಬಂದಿತು. ಕೆರೆಯ ಕಾಲ ಇನ್ನೂ ನಿರ್ಣಯವಾಗಿಲ್ಲ. ಆದ್ದರಿಂದ ಕೊನೆಯ ಅಧ್ಯಾಯವನ್ನು ಮೊದಲು ಬರೆಯೋಣವೆಂದು, ಬಯಲು ಉಳಿದ ಬಗೆಯನ್ನು ಬರೆಯಲು ಕುಳಿತೆ. ವೀರಭದ್ರಪ್ಪನವರ ಪರವಾಗಿ ಸ್ಥಳನಾಮವಿದೆ, ಇಡೀ ಓಣಿಯ ಹೇಳಿಕೆಯಿದೆ, ಕೆಂಪಂಚಿನ ಟುವಾಲೆಂಬ ವಸ್ತುರೂಪದ ಪುರಾವೆಯಿದೆ. ನನ್ನ ಪರವಾಗಿ ಇರುವುದು ಒಬ್ಬನೇ ಸಾಕ್ಷಿ, ನಾನೇ. ಅವನೂ ಹಿತಾಸಕ್ತಿಯುಳ್ಳವನು, ಅಸೂಯಾಪರನು. ಅವನ ಹೇಳಿಕೆಯಲ್ಲಿ ವರ್ಷವೂ ಇಲ್ಲ. ಬೇರೆ ಯಾರಾದರೂ ಇಂಥ ಆಧಾರವನ್ನು ತಂದಿದ್ದರೆ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಮೇಲಿನ ಪುಟದಲ್ಲಿ ವೀರಭದ್ರಪ್ಪನವರ ಹೆಸರನ್ನು ಸ್ಪಷ್ಟವಾಗಿ ಬರೆದೆ. ಕೆಳಗೆ, ಸಣ್ಣ ಅಕ್ಷರಗಳಲ್ಲಿ, ‘ಬಯಲು ಉಳಿದದ್ದು ಓಣಿಯ ಒಬ್ಬ ನಿವೃತ್ತ ಸಂಶೋಧಕನಿಂದ ಎಂಬ ಮತವೂ ಉಂಟು’ ಎಂದು ಒಂದು ಅಡಿಟಿಪ್ಪಣಿ ಸೇರಿಸಿದೆ. ಆಮೇಲೆ ಅಭ್ಯಾಸಬಲದಿಂದ ಅದನ್ನು ಇನ್ನೊಮ್ಮೆ ಪರಿಶೀಲಿಸಿ, ಅದರ ಮುಂದೆ ನನ್ನ ಕೈಯಾರೆ ಹೀಗೆ ಬರೆದು ಮುಗಿಸಿದೆ: ‘ಈ ಅಭಿಪ್ರಾಯವು ಪುನರ್ವಿಮರ್ಶೆಗೆ ಅರ್ಹವಾಗಿದೆ.’